ಕಾಲು ಮುಂದಾಗಿ ಹುಟ್ಟಿದವಳು

ಬೆಳಗಿನಿಂದ ಮೈ ಸುಡುತ್ತಿದ್ದ ಪಡುವಣ ಗಾಳಿ ಮೂರು ಗಂಟೆಗೆ ಗಪ್ಪನೆ ನಿಂತಿತು. ಹಿಂದೆಯೇ ಮೂಡಣದಿಂದ ತಣ್ಣನೆಯ ಗಾಳಿ, ಅದರ ಬೆನ್ನಿಗೆ ಕರಿಮೋಡ. ಅಸೂಟಿ ಊರಾಚೆಯ ಹೊಲವೊಂದರಲ್ಲಿ ಒಡ್ಡು ಹಾಕುತ್ತಿದ್ದ ಕೂಲಿಯವರೆಲ್ಲ ಊರ ಕಡೆ ಓಡಿದರು. ಕೂಸು ಹೊತ್ತವಳು ಎಷ್ಟು ದೂರ ಓಡಿಯಾಳು! ಮಾಯವ್ವ ಕೂಸು ಪರಶುವನ್ನು ಬಗಲಲ್ಲಿ ಅವಚಿಕೊಂಡು, ಏಳು ವರ್ಷದ ಮಗಳು ಚಿನ್ನುವಿನ ರಟ್ಟೆ ಹಿಡಿದು ಪಂಪಿನ ಕೋಣೆಗೆ ನುಗ್ಗಿದಳು.

ಒಳಗೆ ಹೊಲದ ಯಜಮಾನ ಹನುಮಪ್ಪ ಮೊಬೈಲ್ ಹಿಡಿದು ಕೂತಿದ್ದ.

“ಮೆಸೇಜ್ ಬಂದೈತಿ ನೋಡವಾ. ಮೂಡಣ ಸಮುದ್ರದ ಕಡಿಂದ ಬಂದ ಹಸಿ ಗಾಳಿ, ನಮ್ಮ ಕಡಿ ಬಿಸಿ ಒಣ ಗಾಳಿ, ಎರಡೂ ಇಲ್ಲೇ ಡಿಕ್ಕಿ ಹೊಡ್ಯಾಕತ್ತಾವಂತ. ಸಿಡ್ಲು ಬೀಳತೈತಿ, ಬಯಲಾಗ ನಿಂದರಬ್ಯಾಡ್ರಿ ಅಂತ ಬರದಾರ.”

“ಪುಣ್ಯಕ್ಕ ಒಳಗ ಬಂದ್ವಿ ನೋಡ್ರಿ ಕಾಕಾ.”

ಫಳ್ಳನೆ ಮಿಂಚಿತು. ಗುಡುಗಿಗೆ ಮೇಲಿನ ತಗಡು ಗಡಗಡ ನಡುಗಿತು. ಸಿಡಿಲು ಬಡಿಯದಿರಲೆಂದು “ಅರ್ಜುನಾ, ಅರ್ಜುನಾ” ಎನ್ನುತ್ತ ಕಣ್ಣು ಮುಚ್ಚಿದ ಹನುಮಪ್ಪ, ತೆರೆದವನೇ ಚಿನ್ನುವಿನ ಕಾಲು ನೋಡಿದ.

“ಮಾಯವ್ವಾ, ಈಕಿ ಕಾಲು ಮುಂದಾಗಿ ಹುಟ್ಟಿದಾಕಿ ಅಲ್ಲೇನು? ಯುಗಾದಿ ಮುಂದ ನನ್ನ ಟೊಂಕ ಹಿಡದಾಗ ನೀನ ಕರ್ಕೊಂಡು ಬಂದು ಒದಸಿದ್ದಿ.”

ಅಂಥವರು ಒದ್ದರೆ ಹಿಡಿದ ಟೊಂಕ ಬಿಡುತ್ತದೆ. ಅಂಥವರನ್ನೇ ಸಿಡಿಲು ಹುಡುಕಿಕೊಂಡು ಬರುತ್ತದೆ. ಊರಿನ ಲೆಕ್ಕದಲ್ಲಿ ಎರಡೂ ಖರೇ. ಟೊಂಕ ಬಿಟ್ಟ ದಿನ ಹುಡುಗಿಯ ಬಾಯಿಗೆ ಬೆಲ್ಲ ಹಾಕಿದ ಮನುಷ್ಯ ಈಗ ಬಾಗಿಲ ಕಡೆ ನೋಡುತ್ತಿದ್ದ. ಹುಡುಗಿಯನ್ನು ಹೊರಗೆ ಕಳಿಸುತ್ತಾನೆಂದು ಮಾಯವ್ವ ಅವಸರದಿಂದ ಬಾಯಿ ಹಾಕಿದಳು.

“ಅವತ್ತು ಸುಳ್ಳ ಹೇಳಿದ್ನಿರಿ ಕಾಕಾ! ಕೂಲಿಗೆ ಕರೀತೀರಿ ಅಂತ ಆಸೇಕ ಹೇಳಿದ್ನಿ. ಈಕಿ ಎಲ್ಲಾರಂಗ ತಲಿ ಮುಂದಾಗೇ ಹುಟ್ಯಾಳ. ಈ ಕೂಸಿನ ಆಣಿ ಐತ್ರಿ!”

“ಹಂಗಾದ್ರ ಚಲೋ ಆತು ಬಿಡು,” ಎಂದು ಹನುಮಪ್ಪ ಉಸಿರುಬಿಟ್ಟ. ಆದರೂ ತುಸು ಆಚೆ ಸರಿದೇ ಕೂತ.

ಮರುಗಳಿಗೆಯೇ ಸಿಡಿಲು ಎದುರಿನ ಬೇವಿನ ಗಿಡವನ್ನು ಸೀಳಿಹಾಕಿತು. ಅಯ್ಯೋ ದೇವರೇ! ಕೂಸಿನ ಮೇಲೆ ಇಟ್ಟದ್ದು ಸುಳ್ಳು ಆಣೆ. ಒಂದು ಬಗಲಿಗೆ ಚಿನ್ನು ಆತುಕೊಂಡಿದ್ದಳು. ಮಾಯವ್ವ ಕೂಸನ್ನು ಸರಕ್ಕನೆ ಇನ್ನೊಂದು ಬಗಲಿಗೆ ಎಳೆದುಕೊಂಡಳು. ಎಳೆದುಕೊಂಡ ಮೇಲೆಯೇ ತಾನೇನು ಮಾಡಿದೆನೆಂದು ಅವಳಿಗೆ ಗೊತ್ತಾದದ್ದು.

ಚಿನ್ನುವಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ತಾಯಿಯ ಸೆರಗು ಬಿಟ್ಟು ಮೆಲ್ಲಗೆ ಎದ್ದಳು.

“ಅವ್ವಾ, ತಮ್ಮ ಸಣ್ಣಾಂವ ಅದಾನ. ನಾ ಹೊರಗ ನಿಂದರ್ಲೇನು?”