ಮಣಿಕಟ್ಟಿನ ನಾರು

ದೀಪಿಕಾಳ ಎಡ ಮಣಿಕಟ್ಟಿನ ಮೇಲೆ ಇವತ್ತೂ ಹೊಸ ಗೆರೆ ಮೂಡಿತ್ತು. ಬಳೆಯ ಗುರುತಲ್ಲ. ಹುರಿ ಬಿಗಿದ ಗುರುತು.

ಅನ್ನಮ್ಮ ಟೀಚರು ಆ ಪುಟ್ಟ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಮೂರನೇ ತರಗತಿಯ ಕೂಸು ಮಗ್ಗಿ ಹೇಳುವ ಹೊತ್ತಿಗೇ ನೆಲದ ಮೇಲೆ ಮುದುಡಿ ನಿದ್ದೆ ಹೋಗಿತ್ತು.

"ಕುಂಭಕರ್ಣನ ತಂಗಿ ಮಕ್ಕೊಂಡ್ಲು ನೋಡ್ರೀ ಅಕ್ಕೋರ!" ಹಿಂದಿನ ಸಾಲು ನಕ್ಕಿತು. ನಕ್ಕವರಲ್ಲೇ ಒಬ್ಬಳು ತನ್ನ ಪಾಟಿಚೀಲವನ್ನು ಅವಳ ತಲೆಯಡಿಗೆ ಸರಿಸಿದಳು. ಬಿಸಿಯೂಟದ ಮುದುಕಮ್ಮ ದಿನವೂ ಒಂದು ತತ್ತಿ ಎತ್ತಿಡುತ್ತಿದ್ದಳು. "ಎದ್ದಮ್ಯಾಲೆ ತಿಂತಾಳ, ಬಿಡ್ರಿ."

ಗದ್ದಲಕ್ಕೆ ಏಳದ ಹುಡುಗಿ, ಯಾರಾದರೂ ಸದ್ದಿಲ್ಲದೆ ಎದ್ದು ಹೊರಟರೆ ಮಾತ್ರ ಥಟ್ಟನೆ ಕಣ್ಣು ಬಿಟ್ಟು ಬಾಗಿಲು ನೋಡುತ್ತಿದ್ದಳು. ಹೆದರಿದ ಮಕ್ಕಳು ಹೀಗೇ, ಎಂದುಕೊಂಡರು ಅನ್ನಮ್ಮ. ಗಂಗಾವತಿಯ ಡಾಕ್ಟರೂ ಹೇಳಿದ್ದರು: ರಕ್ತ ಸರಿಯಾಗಿದೆ, ಮೈಗೆ ಹಗಲು ರಾತ್ರಿಯ ಲೆಕ್ಕ ತಪ್ಪಿದೆ, ಮನೆಯಲ್ಲಿ ಏನು ನಡೆಯುತ್ತಿದೆ ನೋಡಿ.

ಆನೆಗೊಂದಿಯಲ್ಲಿ ಅದಕ್ಕೆ ಎಲ್ಲರ ಬಾಯಲ್ಲೂ ಒಂದೇ ಉತ್ತರವಿತ್ತು. ಹೆತ್ತ ತಾಯಿ ಒಂದು ರಾತ್ರಿ ಎದ್ದು ಹೊಳೆಗೆ ಹೋದವಳು ಬರಲಿಲ್ಲ. ಕಾಲು ಜಾರಿತು ಎಂದರು. ಆ ಹೊತ್ತಿನಲ್ಲಿ ಯಾಕೆ ಹೋದಳೆಂದು ಯಾರೂ ಕೇಳಲಿಲ್ಲ. ವರ್ಷ ತುಂಬುವ ಮೊದಲೇ ಪಾರಮ್ಮ ಮಲತಾಯಿಯಾಗಿ ಬಂದಳು; ದೀಪಿಕಾಳ ಬಾಯಲ್ಲಿ ಸಣ್ಣವ್ವ. ಅಪ್ಪನಿಗೆ ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಮನೆಯಲ್ಲಿ ಇಬ್ಬರೇ. ಪಾರಮ್ಮನದು ಬಾಳೆನಾರು ಹೊಸೆಯುವ ಕೆಲಸ. ಹುರಿಗೇನು ಕೊರತೆ?

ಅನ್ನಮ್ಮ ಅವಳನ್ನು ಕರೆಸಿದರು.

ಪಾರಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತಳು. ಕೆಲಸದಿಂದ ನೇರ ಬಂದಿರಬೇಕು; ನಾರಿನ ಎಳೆಗಳು ಸೆರಗಿಗೆ, ತುರುಬಿಗೆ, ಕಾಲುಂಗುರಕ್ಕೂ ಸಿಕ್ಕಿಕೊಂಡಿದ್ದವು.

"ರಾತ್ರಿ ಈಕಿ ಕೈ ಕಟ್ತೀಯೇನು?"

ಪಾರಮ್ಮ ನೆಲ ನೋಡಿದಳು. "ಹೌದ್ರಿ. ಕಟ್ಟಲಿಲ್ಲಂದ್ರ ಆಕಿ ಮಕ್ಕೊಳ್ಳಾಂಗಿಲ್ರಿ."

"ಹೆತ್ತಿದ್ರ ಹಿಂಗ ಮಾಡ್ತಿದ್ದೇನು?"

ಪಾರಮ್ಮ ಹೋಗುವ ಮೊದಲು ಮಲಗಿದ್ದ ಹುಡುಗಿಯ ಬಳಿ ಕುಕ್ಕರಗಾಲಲ್ಲಿ ಕುಳಿತು, ಮಣಿಕಟ್ಟಿನ ಆ ಗೆರೆಯ ಮೇಲೆ ಮೆಲ್ಲಗೆ ಊದಿದಳು. ಅವಳು ಹೊಸ್ತಿಲು ದಾಟುವಷ್ಟರಲ್ಲಿ ದೀಪಿಕಾ ಎದ್ದು ಕೂತಿದ್ದಳು.

ಹೊಡೆದ ಕೈಯೇ ಎಣ್ಣೆ ಹಚ್ಚುವುದೂ ಉಂಟು. ಅನ್ನಮ್ಮ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು.

ಮರುದಿನ ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಸಹಾಯವಾಣಿಯ ಜೀಪು ನಿಂತಿತು. ಇಳಿದು ಬಂದ ಹೆಣ್ಣುಮಗಳು ಒಳ್ಳೆಯವಳು. ದೀಪಿಕಾಳ ಮುಂದೆ ಮೊಣಕಾಲೂರಿ ಕುಳಿತಳು. ಮುದುಕಮ್ಮ ಓಡಿ ಬಂದು ಎತ್ತಿಟ್ಟ ತತ್ತಿಯನ್ನು ಹುಡುಗಿಯ ಕೈಯಲ್ಲಿಟ್ಟಳು.

"ಇನ್ನ ನೀನು ಕೊಪ್ಪಳದ ಮಕ್ಕಳ ಮನಿಯಾಗ ಇರ್ತೀ, ಕೂಸ. ರಾತ್ರಿ ಆರಾಮ ಮಕ್ಕೋ. ನಿನ್ನ ಕೈ ಯಾರೂ ಕಟ್ಟಾಂಗಿಲ್ಲ," ಎಂದಳು ಜೀಪಿನಲ್ಲಿ ಬಂದವಳು.

ದೀಪಿಕಾ ತತ್ತಿ ಬಿಟ್ಟು ಅನ್ನಮ್ಮನ ಸೆರಗು ಹಿಡಿದಳು. ಮೊದಲ ಸಲ ಆ ಕಣ್ಣುಗಳಲ್ಲಿ ನಿದ್ದೆಯಿರಲಿಲ್ಲ.

"ಬ್ಯಾಡ್ರೀ ಅಕ್ಕೋರ... ನಾರಿನ ಆ ಕಡಿ ತುದಿ ಸಣ್ಣವ್ವನ ಕಾಲುಂಗುರಕ್ಕ ನಾನ ಕಟ್ಟತೀನ್ರಿ. ನಾ ಹೋದ್ರ, ರಾತ್ರಿ ಆಕಿ ಎದ್ದು ಹೊಂಟ್ರ ಯಾರಿಗೆ ಗೊತ್ತಾಗ್ತೈತ್ರಿ? ಅವ್ವ ಹೋದಾಗ ನಾ ಮಕ್ಕೊಂಡ್ಬಿಟ್ಟಿದ್ನಿ."