ಹತ್ತಿರ ಬರಬಾರದ ಹೊತ್ತು

ಎರಡು ವಾರ ನಾನೇ ದೋಣಿಯ ಅಡಿಗೆ ಅಂಟಿದ್ದ ಚಿಪ್ಪು ಕೆರೆದು ಬಣ್ಣ ಬಳಿದಿದ್ದೆ. ಇಂದು ಬೆಳಿಗ್ಗೆ ಒಳಗೆಲ್ಲ ತೊಳೆದೆ. ದೋಣಿಯನ್ನು ಕಡಲಿಗಿಳಿಸುವ ಪೂಜೆಯ ಹೊತ್ತಿಗೆ ಅಪ್ಪಯ್ಯ ನನ್ನನ್ನು ದೂರ ನಿಲ್ಲಿಸಿದರು.

“ದೋಣಿ ಇಳ್ಸುವತಿಗೆ ಹೆಣ್ಮಕ್ಳ್ ಹತ್ರ ಬಪ್ಪುಕಾಗ.”

“ಅಪ್ಪಯ್ಯ, ಒಂದ್ ಮಾತ್ ಹೇಳುಕಿತ್ತ್.”

“ಆಮೇಲ್ ಹೇಳ್.”

ದೋಣಿಯೊಳಗಿದ್ದ ಅಣ್ಣನನ್ನು ಕೂಗಿದೆ. “ಅಣ್ಣ, ಒಂದ್ ನಿಮ್ಷ ನಿಲ್ಸ್.”

“ತೊಳ್ದದ್ದ್ ನೀನೇ ಅಂದೇಳಿ ಊರಿಗೆಲ್ಲ ಹೇಳ್ಕಾ?” ಎಂದ ಅವನು.

ಎಲ್ಲರೂ ನಕ್ಕರು. ನಾನು ಮುಷ್ಟಿ ಬಿಗಿದು ಹಿಂದೆ ಸರಿದೆ.

ಹತ್ತು ಜನ ಸೇರಿ ದೂಡಿದರು. ಅಣ್ಣ ಎಂಜಿನ್ ಹಾಕಿ ಅಲೆ ದಾಟಿ ಹೋದ.

“ಈಗ್ ಹೇಳ್ ಹೆಣೆ, ಎಂತ?” ಎಂದರು ಅಪ್ಪಯ್ಯ.

ನಾನು ಮುಷ್ಟಿ ಬಿಡಿಸಿದೆ. ತೊಳೆದ ನೀರು ಹರಿದುಹೋಗಲೆಂದು ದೋಣಿಯ ತಳದ ತೂತಿನಿಂದ ಕಿತ್ತ ಬಿರಡೆ ಅಂಗೈಯಲ್ಲಿತ್ತು.