ಇಲಿಗಾಡಿ

ಅಣ್ಣ ಟ್ರ್ಯಾಕ್ಟರಿನ ಬಾನೆಟ್ಟನ್ನು ಗಿಡ್ಡ ಕತ್ತರಿಸಿಬಿಟ್ಟಿದ್ದ. ಎರಡು ಬೆರಳಗಲ ತುಕ್ಕು ತೆಗೆಯಬೇಕಿದ್ದ ಕಡೆ ಒಂದು ಗೇಣು ಹೋಗಿತ್ತು. ಗ್ರೈಂಡರ್ ಕೆಳಗಿಟ್ಟು, ಕತ್ತರಿಸಿದ ತಗಡನ್ನು ಅದೇ ಜಾಗಕ್ಕೆ ಹಿಡಿದು ನೋಡಿದ. ತೆಗೆದ. ಮತ್ತೆ ಹಿಡಿದ. ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದವನು, ಕಣ್ಣಳತೆಯಲ್ಲೇ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತಿದ್ದವನು, ಬಟ್ಟಲು ಒಡೆದ ಮಗುವಿನ ಹಾಗೆ ತಂಗಿಯ ಕಡೆ ನೋಡಿದ.

"ಪುಟ್ಟೀ, ಅಳತೆ ತಪ್ಪಿಹೋಯ್ತು ಕಣೆ."

ಪಕ್ಕದಲ್ಲಿ ಒಂದು ಕಾರಿನ ಚಕ್ರ ಬಿಚ್ಚುತ್ತಿದ್ದ ತಂಗಿ ಎದ್ದು ಬಂದಳು. ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೇ ಈ ಅಣ್ಣ. ಅವನು ಬ್ರೇಕಿನ ಪೈಪು ಜೋಡಿಸದೆ ಒಬ್ಬರ ಕಾರನ್ನು ಹೊರಗೆ ಕಳಿಸಿದ ದಿನದಿಂದ ಗಿರಾಕಿಗಳ ಗಾಡಿಯನ್ನು ಅವಳು ಅವನ ಕೈಗೆ ಕೊಡುತ್ತಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅವಳೇ. ಮರೆವಿನ ಕಾಯಿಲೆ, ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅತ್ತಿಗೆಗೆ ಹೇಗೆ ಹೇಳುವುದೆಂದು ತಿಳಿಯದೆ ನಾಲ್ಕು ತಿಂಗಳು ಕಳೆದಿದ್ದಳು. ಅಣ್ಣನ ಕೈ ಸುಮ್ಮನಿರಬಾರದೆಂದು, ಹಿಂದಿನ ಶೆಡ್ಡಿನಲ್ಲಿ ಬಿದ್ದಿದ್ದ ಈ ಹಳೆಯ ಪುಟ್ಟ ಟ್ರ್ಯಾಕ್ಟರನ್ನು, ತೋಟದಲ್ಲಿ ಹುಲ್ಲು ಕತ್ತರಿಸಲು ಬಳಸುವಂಥದ್ದನ್ನು, ಒಳಗೆ ಎಳೆದು ತಂದಿದ್ದಳು. ಹೊಸದರ ಹಾಗೆ ಮಾಡುತ್ತೇನೆಂದು ಅವನು ಹಟ ತೊಟ್ಟಿದ್ದ.

"ತಪ್ಪೆಲ್ಲಿ ಅಣ್ಣಾ? ಇದು ಇರಬೇಕಾದ್ದೇ ಹೀಗೆ," ಎಂದಳು. ಬಾಯಿಗೆ ಬಂದ ಸುಳ್ಳಿಗೆ ಫೋನಿನಲ್ಲಿ ಹುಡುಕಿ ಒಂದು ಚಿತ್ರವನ್ನೂ ತೋರಿಸಿದಳು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಗಾಡಿ, ಮೈಯೆಲ್ಲ ತುಕ್ಕು, ಬೆತ್ತಲೆ ಎಂಜಿನ್, ಒಂದೊಂದು ಭಾಗ ಒಂದೊಂದು ಕಡೆಯದು. "ರ‍್ಯಾಟ್ ರಾಡ್ ಅಂತಾರೆ. ಬಣ್ಣ ಹೊಡೆಯೋ ಹಾಗಿಲ್ಲ. ಯಾವುದಕ್ಕೂ ಯಾವುದೂ ಹೊಂದಬೇಕಾಗಿಲ್ಲ."

"ರ‍್ಯಾಟ್ ಅಂದ್ರೆ ಇಲಿ ಅಲ್ವೇನೆ?" ಅಣ್ಣ ಚಿತ್ರವನ್ನು ದೂರ ಹಿಡಿದು ನೋಡಿದ. "ಮೂವತ್ತೆಂಟು ವರ್ಷ ಬೆಟ್ಟ ಅಗೆದೆ. ಕೊನೆಗೆ ಸಿಕ್ಕಿದ್ದು ಇಲಿ ಅನ್ನು!" ಎಂದು ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತೋ.

ಅಂದಿನಿಂದ ಅವನಿಗೆ ತಪ್ಪಿನ ಭಯವಿರಲಿಲ್ಲ. ಬಾನೆಟ್ಟನ್ನೇ ಕಿತ್ತೆಸೆದ. ಮುಂದಕ್ಕೆ ಕೈಗಾಡಿಯ ಚಕ್ರ ಬಂತು, ಸೀಟಿಗೆ ಒಂದು ಮುರುಕು ಕುರ್ಚಿ, ಸ್ಟೇರಿಂಗಿಗೆ ಹೊಲಿಗೆ ಮಿಷನ್ನಿನ ಗಾಲಿ. ಒಂದು ಬೋಲ್ಟನ್ನು ಬೆಳಿಗ್ಗೆ ಹಾಕುವುದು, ಸಂಜೆ ಬಿಚ್ಚುವುದು. ಅವನು ಮನೆಗೆ ಹೋದ ಮೇಲೆ ತಂಗಿ ಎಲ್ಲವನ್ನೂ ಮುಟ್ಟಿ ನೋಡಿ, ಬಿಗಿಯಾಗಬೇಕಾದ್ದನ್ನಷ್ಟೇ ಬಿಗಿ ಮಾಡುತ್ತಿದ್ದಳು. ಉಳಿದದ್ದಕ್ಕೆ ಕೈ ಹಚ್ಚುತ್ತಿರಲಿಲ್ಲ.

ಅತ್ತಿಗೆಗೆ ಮಾತ್ರ ಇದು ಕಣ್ಣಿಗೆ ಬಿದ್ದ ಕಸ. "ಎಂಥಾ ಕೆಲಸಗಾರನ ಕೈಗೆ ಗುಜರಿ ಕೊಟ್ಟು ಕೂರಿಸಿದ್ದೀಯಲ್ಲೇ. ವಯಸ್ಸಾದ ಮೇಲೆ ಮರೆವು ಯಾರಿಗಿಲ್ಲ? ನಾನು ಉಪ್ಪು ಹಾಕೋದು ಮರೀತೀನಿ. ಹಾಗಂತ ನನ್ನ ಒಲೆಯಿಂದ ಎಬ್ಬಿಸ್ತೀಯಾ?"

"ಇಲ್ಲ ಅತ್ತಿಗೆ."

"ಮತ್ತೆ? ಅವರಿಗೊಂದು ಕಾರು ಕೊಡು."

ತಂಗಿ ಎಣ್ಣೆಯ ಬಟ್ಟೆಯನ್ನು ಹಿಂಡಿ ತಂತಿಗೆ ಹಾಕಿದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಗಾಡಿ ಶುರುವಾಯಿತು. ಮೊದಲು ಕೆಮ್ಮಿತು, ಕಪ್ಪು ಹೊಗೆ ಕಾರಿತು, ಆಮೇಲೆ ಹಿಡಿದುಕೊಂಡಿತು. ಅಣ್ಣ ಕುರ್ಚಿಯ ಮೇಲೆ ಮಂಡಿ ಮಡಚಿ ಕೂತು ಗ್ಯಾರೇಜಿನ ಅಂಗಳದಲ್ಲಿ ಮೂರು ಸುತ್ತು ಹೊಡೆದ. ತಂಗಿ ಚಪ್ಪಾಳೆ ತಟ್ಟುತ್ತಾ ಪಕ್ಕದಲ್ಲೇ ಓಡಿದಳು. ನಾಲ್ಕನೆಯ ಸುತ್ತಿನ ಮಧ್ಯೆ ಅವನು ಎಂಜಿನ್ ನಿಲ್ಲಿಸಿ ಇಳಿದ.

ಇಳಿದವನು ಬೇರೆಯೇ ಮನುಷ್ಯನಂತಿದ್ದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಗಿರಾಕಿ ತಂದು ನಿಲ್ಲಿಸಿದ ಗಾಡಿಯನ್ನು ಹಿಂದೆಲ್ಲ ನೋಡುತ್ತಿದ್ದ ಹಾಗೆ, ಎರಡು ಕೈ ಹಿಂದೆ ಕಟ್ಟಿ, ನಿಧಾನವಾಗಿ ಸುತ್ತ ನಡೆದ. ಸ್ಟೇರಿಂಗಿನ ಕಂಬ ಚೇಸಿಸ್ಸಿಗೆ ಸೇರುವಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ.

"ಯಾರು ಮಾಡಿದ್ದೇ ಇದನ್ನ?"

ತಂಗಿ ಅವನ ಪಕ್ಕ ಬಂದು ಕೂತಳು. "ಒಬ್ಬರನ್ನ... ಕೆಲಸಕ್ಕೆ ಇಟ್ಕೊಂಡಿದ್ದೆ ಅಣ್ಣ."

"ಕೆಲಸ ಬಲ್ಲವನೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡು, ಇಲ್ಲೀವರೆಗೆ ಮೀನಿನ ಹುರುಪೆ ಜೋಡಿಸಿದ ಹಾಗೆ ಬಂದಿದೆ. ಈ ಕೈ ಎಲ್ಲರಿಗೂ ಬರಲ್ಲ. ಇಲ್ಲಿಗೆ ಬಂದಾಗ ನಿಂತಿದ್ದಾನೆ." ಹೆಬ್ಬೆರಳು ಒಂದು ದಪ್ಪ ಗಂಟಿನ ಮೇಲೆ ನಿಂತಿತು. "ಏನು ಮಾಡ್ತಿದ್ದೆ ಅನ್ನೋದೇ ಮರೆತುಹೋಗಿದೆ ಅವನಿಗೆ. ಮತ್ತೆ ಶುರು ಮಾಡಿದ್ದಾನೆ. ಮತ್ತೆ ಮರೆತಿದ್ದಾನೆ."

ಬಿಸಿ ಎಂಜಿನ್ ಆರುತ್ತಾ ಟಕ್ ಟಕ್ಕೆನ್ನುತ್ತಿತ್ತು. ತಂಗಿ ಆ ಗಂಟನ್ನು ತಾನೂ ಮುಟ್ಟಿ ನೋಡಿದಳು.

"ಅವನನ್ನ ಬೈಬೇಡ ಪುಟ್ಟಿ," ಎಂದ ಅಣ್ಣ, ಎದ್ದು ಮಂಡಿ ಕೊಡವಿಕೊಳ್ಳುತ್ತಾ. "ಹೆಂಡತಿ ಇದ್ದಾಳೇನು?"

"ಇದ್ದಾರೆ."

"ಅವಳಿಗೆ ಗೊತ್ತಾ?"

"ಇಲ್ಲ ಅಣ್ಣ."

"ಹೇಳ್ಬೇಕು. ಮೆಲ್ಲಗೆ ಕೂರಿಸಿಕೊಂಡು ಹೇಳು. ಪಾಪ, ದಿನಾ ಒಂದೇ ಮನೇಲಿರೋಳು."

ತಂಗಿ ತಲೆಯಾಡಿಸಿ ಕಣ್ಣೊರೆಸಿಕೊಳ್ಳಲು ಆ ಕಡೆ ತಿರುಗಿದಳು. ಗಾಡಿಯ ಸದ್ದು ಕೇಳಿ ಬಂದ ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಕೈಯಲ್ಲಿದ್ದ ಟೀ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಅಲ್ಲೇ ಇದ್ದ ಒಂದು ಹಳೆಯ ಟೈರಿನ ಮೇಲೆ ಕೂತಳು.

"ಹೇಳು," ಎಂದಳು.